ಓದುಗರ ಪ್ರಶ್ನೆ, ವೈದ್ಯರ ಉತ್ತರ: ರೋಗಿಯನ್ನು ಮುಟ್ಟುವ ಮುನ್ನ

ಪ್ರತಿ ವರ್ಷ ಮೇ 5ನ್ನು ಆಸ್ಪತ್ರೆಗಳಲ್ಲಿ ವಿಶ್ವ ಕೈ ಶುಚಿತ್ವ ದಿನವೆಂದು ಆಚರಿಸುತ್ತಾರೆ. ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಕೊನೆಗೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದೂ 2023ರ ಮೇ 5ರಂದೇ. ಆ ಮೂರು ವರ್ಷಗಳಲ್ಲಿ ಆಸ್ಪತ್ರೆಯ ಒಳಗೆ ದುಡಿದವರು ಮತ್ತು ಹೊರಗೆ ಬೆಂಚಿನ ಮೇಲೆ ಕುಳಿತು ಕಾದವರು ಕೈ ಶುಚಿತ್ವದ ಬಗ್ಗೆ ಕೇಳಿರುವ ಪ್ರಶ್ನೆಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲೆರಡು ಅಲೆಗಳಲ್ಲಿ ಆಸ್ಪತ್ರೆಯೊಂದರ ಸೋಂಕು ನಿಯಂತ್ರಣದ ಹೊಣೆ ನನ್ನ ಮೇಲಿದ್ದುದರಿಂದ, ಇಲ್ಲಿಯ ಕೆಲವು ಉತ್ತರಗಳನ್ನು ನಾನು ಕಲಿತದ್ದು ನಮ್ಮದೇ ತಪ್ಪುಗಳಿಂದ.

ಪ್ರಶ್ನೆ: ಕೋವಿಡ್ ವಾರ್ಡಿನಲ್ಲಿ ಆರು ಗಂಟೆ ಪಿಪಿಇ ಕಿಟ್ ತೊಟ್ಟು ಕೆಲಸ ಮಾಡುತ್ತಿದ್ದೆವು. ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವಾಗ ಗ್ಲೌಸಿನ ಮೇಲೆಯೇ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತಿದ್ದೆವು. ಅದು ಸರಿಯಾಗಿತ್ತೇ ಎಂಬ ಅಳುಕು ನನ್ನಲ್ಲಿ ಇಂದಿಗೂ ಉಳಿದಿದೆ. — ಸ್ಟಾಫ್ ನರ್ಸ್, ಹಾವೇರಿ

ಉತ್ತರ: ಸಿಸ್ಟರ್, ಅಂದಿನ ಪರಿಸ್ಥಿತಿಯಲ್ಲಿ ನಿಮಗೆ ಹೇಳಿಕೊಟ್ಟಿದ್ದನ್ನು ನೀವು ಮಾಡಿದಿರಿ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಕಿಲ್ಲ. ಗ್ಲೌಸಿನ ತೀವ್ರ ಕೊರತೆಯಿದ್ದಾಗ ಬೇರೆ ದಾರಿಯಿಲ್ಲದೆ ಮಾಡುವ ಉಪಾಯವೆಂದು ಅದಕ್ಕೆ ಕೆಲವೆಡೆ ಒಪ್ಪಿಗೆಯೂ ಇತ್ತು. ಆದರೆ ಪದ್ಧತಿಯಾಗಿ ಅದು ಸರಿಯಲ್ಲ. ಗ್ಲೌಸಿನ ಮೇಲ್ಮೈ ನಮ್ಮ ಚರ್ಮದಂತಲ್ಲ; ಪದೇ ಪದೇ ಆಲ್ಕೋಹಾಲ್ ತಾಗಿದರೆ ಅದು ಅಂಟಂಟಾಗುತ್ತದೆ, ಕಣ್ಣಿಗೆ ಕಾಣದ ತೂತುಗಳೂ ಬೀಳಬಹುದು. ಗ್ಲೌಸ್ ಒಬ್ಬ ರೋಗಿಗೆ, ಒಂದು ಕೆಲಸಕ್ಕೆ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ, ಬರಿಗೈಯನ್ನು ಶುಚಿಗೊಳಿಸಿ, ಮುಂದಿನ ರೋಗಿಗೆ ಅಗತ್ಯವಿದ್ದರೆ ಹೊಸ ಜೊತೆ ತೊಡಬೇಕು. ಕಳಚುವಾಗ ಕೈ ಮಲಿನವಾಗುವ ಸಾಧ್ಯತೆ ಇರುವುದರಿಂದ ಗ್ಲೌಸ್ ಹಾಕಿದ್ದೆ ಎಂಬ ಕಾರಣಕ್ಕೆ ಕೈ ಶುಚಿತ್ವವನ್ನು ಬಿಡುವಂತಿಲ್ಲ.

ಇದರ ಹಿಂದಿರುವ ದೊಡ್ಡ ವಿಷಯವನ್ನು ಇಲ್ಲಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಕೈ ಶುಚಿಗೊಳಿಸಿಕೊಳ್ಳಬೇಕಾದ ಐದು ಸಂದರ್ಭಗಳನ್ನು ಗುರುತಿಸಿದೆ. ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಚುಚ್ಚುವುದು ಅಥವಾ ಗಾಯಕ್ಕೆ ಪಟ್ಟಿ ಕಟ್ಟುವುದೇ ಮೊದಲಾದ ಶುದ್ಧ ಕೆಲಸಕ್ಕೆ ಮುನ್ನ, ರಕ್ತವೋ ಇತರ ದೇಹದ್ರವವೋ ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಮಂಚ, ಮಾನಿಟರ್, ಡ್ರಿಪ್ ಸ್ಟ್ಯಾಂಡುಗಳಂತಹ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಇವುಗಳಲ್ಲಿ ಮೊದಲಿನ ಎರಡು ರೋಗಿಯನ್ನು ಕಾಯುವುದಕ್ಕೆ. ಉಳಿದ ಮೂರು ಮುಖ್ಯವಾಗಿ ನಮ್ಮನ್ನೂ ಆಸ್ಪತ್ರೆಯನ್ನೂ ಕಾಯುವುದಕ್ಕೆ. ಎಲ್ಲ ಕಾಲದಲ್ಲೂ ಸಿಬ್ಬಂದಿ ‘ನಂತರ’ದ ಸಂದರ್ಭಗಳನ್ನು ಚೆನ್ನಾಗಿ ಪಾಲಿಸುತ್ತಾರೆ, ‘ಮುನ್ನ’ದ ಸಂದರ್ಭಗಳಲ್ಲಿ ಎಡವುತ್ತಾರೆ. ಕೋವಿಡ್ ಬಂದಾಗ ಈ ಅಂತರ ಇನ್ನಷ್ಟು ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿಟ್ ತೊಟ್ಟ ಕ್ಷಣದಿಂದ ನಮ್ಮೆಲ್ಲರ ಮನಸ್ಸಿನಲ್ಲಿದ್ದುದು ‘ರೋಗಿಯಿಂದ ನನಗೆ ಅಂಟಬಾರದು’ ಎಂಬುದೊಂದೇ; ‘ನನ್ನ ಕೈಯಿಂದ ಇವರಿಗೆ ಏನಾದರೂ ಅಂಟೀತು’ ಎಂಬ ಯೋಚನೆಗೆ ಅಲ್ಲಿ ಜಾಗವೇ ಇರಲಿಲ್ಲ. ಎಲ್ಲರಿಗೂ ಕೋವಿಡ್ ಇದ್ದೇ ಇದೆ, ಇನ್ನು ಒಬ್ಬರಿಂದ ಒಬ್ಬರಿಗೆ ಹರಡುವುದೇನು ಎಂದು ಕೇಳಿದವರೂ ಇದ್ದರು.

ಹರಡಲು ಬೇಕಾದಷ್ಟಿತ್ತು. 2020ರ ಜುಲೈನಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಆಸ್ಪತ್ರೆಯ ಕೋವಿಡ್ ಘಟಕದಲ್ಲಿ ಕ್ಯಾಂಡಿಡಾ ಆರಿಸ್ ಎಂಬ, ಹಲವು ಔಷಧಗಳಿಗೆ ಬಗ್ಗದ ಶಿಲೀಂಧ್ರ ಕಾಣಿಸಿಕೊಂಡಿತು. ಮುಂದೆ ತಪಾಸಣೆ ನಡೆಸಿದಾಗ 67 ರೋಗಿಗಳಲ್ಲಿ 35 ಮಂದಿಯ ಮೈಮೇಲೆ ಅದು ನೆಲೆಸಿತ್ತು. ಸಿಬ್ಬಂದಿ ಪದರ ಪದರವಾಗಿ ಗೌನು ಮತ್ತು ಗ್ಲೌಸ್ ತೊಡುತ್ತಿದ್ದುದು, ರೋಗಿಯಿಂದ ರೋಗಿಗೆ ಓಡಾಡುವ ಉಪಕರಣಗಳು ಸರಿಯಾಗಿ ಶುಚಿಯಾಗದೆ ಇದ್ದುದು ಇದಕ್ಕೆ ದಾರಿ ಮಾಡಿಕೊಟ್ಟಿರಬೇಕೆಂದು ತನಿಖೆ ನಡೆಸಿದವರು ಅಭಿಪ್ರಾಯಪಟ್ಟರು. ಅದೇ ವರ್ಷ ದೆಹಲಿಯ ತೀವ್ರ ನಿಗಾ ಘಟಕವೊಂದರಲ್ಲಿದ್ದ ಕೋವಿಡ್ ರೋಗಿಗಳ ರಕ್ತದಲ್ಲೂ ಈ ಶಿಲೀಂಧ್ರ ಸಿಕ್ಕಿತು. ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರು ಇಂತಹ ಎರಡನೆಯ ಸೋಂಕಿನಿಂದ ತೀರಿಕೊಂಡಾಗ, ಮನೆಯವರಿಗೆ ನಾವು ಹೇಳುವ ಕಾರಣದಲ್ಲಿ ಕೈಯ ಮಾತು ಬರುವುದೇ ಇಲ್ಲ. ನಿಮ್ಮ ಅಳುಕು ಸರಿಯಾದದ್ದು ಎನ್ನುವುದು ಇದಕ್ಕಾಗಿ.

ಪ್ರಶ್ನೆ: ಕೊರೋನಾ ಮುಖ್ಯವಾಗಿ ಗಾಳಿಯ ಮೂಲಕ ಹರಡುತ್ತದೆ ಎಂದು ಆಮೇಲೆ ಹೇಳಿದರು. ಹಾಗಾದರೆ ತರಕಾರಿ ತೊಳೆದದ್ದು, ಕೈ ತೊಳೆದದ್ದು ಎಲ್ಲ ವ್ಯರ್ಥವಾಯಿತೇ? — ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ತರಕಾರಿಯನ್ನು ಸೋಪಿನ ನೀರಿನಲ್ಲಿ ಅದ್ದಿದ್ದು ಬೇಕಿರಲಿಲ್ಲ ಮೇಷ್ಟ್ರೇ. ವಸ್ತುಗಳ ಮೇಲ್ಮೈಯಿಂದ ಈ ವೈರಸ್ ಅಂಟುವ ಸಾಧ್ಯತೆ ತೀರ ಕಡಿಮೆ ಎಂಬುದು 2021ರ ಹೊತ್ತಿಗೆ ಸ್ಪಷ್ಟವಾಗಿತ್ತು. ಕಿಟಕಿ ತೆರೆದಿಡಿ ಎಂಬ ಮಾತನ್ನು ನಾವು ವೈದ್ಯರು ಇನ್ನೂ ಮೊದಲೇ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಮನೆಯ ಕೈ ಬೇರೆ, ಆಸ್ಪತ್ರೆಯ ಕೈ ಬೇರೆ. ಕೊರೋನಾ ವೈರಸ್ಸಿನ ಹೊರಕವಚ ಜಿಡ್ಡಿನದು. ಸಾಮಾನ್ಯ ಸೋಪು ಆ ಜಿಡ್ಡನ್ನು ಕರಗಿಸಿ ಅದನ್ನು ಒಡೆದುಬಿಡುತ್ತದೆ, ಆದ್ದರಿಂದ ಅದು ತೊಳೆಯಲು ಸುಲಭವಾದ ಶತ್ರು. ಆಸ್ಪತ್ರೆಯಲ್ಲಿ ಅದರ ಜೊತೆಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಟ್ಯಾಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಮೊದಲಿನಿಂದಲೂ ವಾಸವಾಗಿವೆ. ಅವು ಹೆಚ್ಚಾಗಿ ಪ್ರಯಾಣ ಮಾಡುವುದು ಕೈಗಳ ಮೇಲೆ. ಮೂಗಿಗೆ ಕೊಳವೆ, ಕುತ್ತಿಗೆಗೆ ಕ್ಯಾನುಲಾ, ಮೂತ್ರಕ್ಕೆ ಕ್ಯಾಥೆಟರ್ ಹಾಕಿಸಿಕೊಂಡು, ಸ್ಟೆರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ತಗ್ಗಿ, ಮೂರು ವಾರ ಮಲಗಿರುವ ರೋಗಿಗೆ ಅವು ತಲುಪಿದರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು. ಮಾಸ್ಕ್ ಮತ್ತು ಗಾಳಿ ಬೆಳಕು ಮಾಡುವ ಕೆಲಸವನ್ನು ಕೈ ತೊಳೆಯುವುದು ಮಾಡಲಾರದು. ಕೈ ತೊಳೆಯುವುದರಿಂದ ಆಗುವ ಕೆಲಸವನ್ನು ಮಾಸ್ಕ್ ಮಾಡಲಾರದು.

ಪ್ರಶ್ನೆ: ನಾನು ಹೌಸ್ ಸರ್ಜನ್. ಆಡಿಟ್ ನಡೆಯುವ ದಿನ ಎಲ್ಲರೂ ಕೈ ಉಜ್ಜುತ್ತಾರೆ, ಮರುದಿನ ಯಾರೂ ಇಲ್ಲ. ಕೋವಿಡ್ ಕಾಲದಲ್ಲಿ ಬಂದ ಅಭ್ಯಾಸವೂ ಉಳಿಯಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ತಿಳಿದವರೇ ಹೀಗೇಕೆ ಮಾಡುತ್ತಾರೆ? — ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆ ಸುಮಾರು 180 ವರ್ಷ ಹಳೆಯದು. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದ ಸಾವುಗಳು ಬಹಳ ಹೆಚ್ಚಾಗಿದ್ದವು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಗೆಳೆಯನಾಗಿದ್ದ ವೈದ್ಯನೊಬ್ಬ ಶವಪರೀಕ್ಷೆಯ ವೇಳೆ ಚಾಕು ತಾಗಿ, ಬಾಣಂತಿಯರ ಜ್ವರವನ್ನೇ ಹೋಲುವ ಕಾಯಿಲೆಯಿಂದ ಸತ್ತಾಗ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರಿಗೆ ಕಾರಣ ಹೊಳೆಯಿತು. 1847ರ ಮೇ ತಿಂಗಳಲ್ಲಿ ಅವರು ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ಬಾಣಂತಿಯರ ಸಾವು ತಮ್ಮ ಕೈಯಿಂದಲೇ ಆಗುತ್ತಿತ್ತೆಂದು ಒಪ್ಪುವುದು ಅವರಿಗೆ ಸಹಿಸಲಾಗದ ಮಾತಾಗಿತ್ತು. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ತೀರಿಕೊಂಡರು.

ಇಂದು ಒಪ್ಪದ ವೈದ್ಯರು ಇಲ್ಲ. ಆದರೂ ಕೈಗಳು ಶುಚಿಯಾಗುತ್ತಿಲ್ಲ ಎಂದರೆ ತಿಳಿವಳಿಕೆಯ ಕೊರತೆ ಇದಕ್ಕೆ ಕಾರಣವಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೋಣೆಯೊಳಗೆ ಎಷ್ಟು ಸಲ ಹೋಗಿ ಬಂದರು, ಎಷ್ಟು ಸಲ ಕೈಗೆ ದ್ರಾವಣ ಹಾಕಿಕೊಂಡರು ಎಂದು ಯಂತ್ರವೇ ಎಣಿಸುವ ವ್ಯವಸ್ಥೆಯಿತ್ತು. 2020ರ ಮಾರ್ಚ್ ಕೊನೆಯಲ್ಲಿ ಒಂದು ದಿನ ಪಾಲನೆ ನೂರಕ್ಕೆ 92ನ್ನು ಮೀರಿತ್ತು. ಆಗಸ್ಟ್ ಹೊತ್ತಿಗೆ ಅದು ಕೋವಿಡ್‌ಗೆ ಮೊದಲಿದ್ದ, ನೂರಕ್ಕೆ ಐವತ್ತರ ಆಸುಪಾಸಿನ ಮಟ್ಟಕ್ಕೇ ಮರಳಿತ್ತು. ಸಾಂಕ್ರಾಮಿಕ ಆಗ ಮುಗಿದಿರಲಿಲ್ಲ, ಜನರ ಭಯ ಮಾತ್ರ ಹಳತಾಗಿತ್ತು. ಭಯದಿಂದ ಬಂದ ಅಭ್ಯಾಸವು ಭಯದ ಜೊತೆಗೇ ಹೊರಟುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಾಗಾದರೆ ಉಳಿಯುವುದು ಯಾವುದು? ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಿಡಿಯೆ ಪಿಟೆ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಮಾಡಿದ ಕೆಲಸವನ್ನು ನೋಡಿ. ಅವರು ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನು ರೋಗಿಯ ಮಂಚದ ಬಳಿಗೇ ತಂದರು, ಸಿಬ್ಬಂದಿಯ ಕೈಯಿಂದಲೇ ಪೋಸ್ಟರುಗಳಿಗೆ ವಿಷಯ ಸಿದ್ಧಪಡಿಸಿದರು, ಪಾಲನೆಯ ಅಂಕಿಅಂಶಗಳನ್ನು ಅವರಿಗೇ ಮರಳಿ ತೋರಿಸಿದರು. 1994ರಲ್ಲಿ ನೂರಕ್ಕೆ 48ರಷ್ಟಿದ್ದ ಪಾಲನೆ 1997ಕ್ಕೆ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಅಂಟುವ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿ ದಾದಿಯರು ಸುಧಾರಿಸಿದರು, ವೈದ್ಯರು ಅಷ್ಟಾಗಿ ಸುಧಾರಿಸಲಿಲ್ಲ ಎಂಬುದನ್ನೂ ವೈದ್ಯನಾಗಿ ಮರೆಮಾಚದೆ ಹೇಳಬೇಕು.

ಸರಳ ಲೆಕ್ಕವೊಂದನ್ನು ಮಾಡಿ ನೋಡಿ. ತೀವ್ರ ನಿಗಾ ಘಟಕದ ದಾದಿಗೆ ಗಂಟೆಗೆ 15 ಸಲ ಕೈ ಶುಚಿಗೊಳಿಸುವ ಸಂದರ್ಭ ಬರುತ್ತದೆ ಎಂದುಕೊಳ್ಳೋಣ. ಸೋಪು ನೀರಿನಿಂದ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಸಿಂಕು ವಾರ್ಡಿನ ಇನ್ನೊಂದು ತುದಿಯಲ್ಲಿದ್ದರೆ ಹೋಗಿ ಬರುವುದಕ್ಕೆ ಇನ್ನೊಂದು ನಿಮಿಷ. ಅಲ್ಲಿಗೆ ಅರ್ಧ ಗಂಟೆ ಹೋಯಿತು. ಮಂಚದ ಕಾಲ ಬಳಿ ಬಾಟಲಿ ಇದ್ದರೆ ಒಂದು ಸಲಕ್ಕೆ 20ರಿಂದ 30 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಇಬ್ಬರು ದಾದಿಯರಿಗೆ ಮೂವತ್ತು ರೋಗಿಗಳನ್ನು ಒಪ್ಪಿಸಿ, ಒಂದೇ ಸಿಂಕು ಕೊಟ್ಟು, ‘ನೀವು ಕೈ ತೊಳೆಯುವುದಿಲ್ಲ’ ಎಂದು ನೋಟಿಸ್ ಕೊಡುವ ಆಡಳಿತಗಳನ್ನು ನಾನು ನೋಡಿದ್ದೇನೆ. ನೀವು ನಾಳೆ ಒಂದು ವಿಭಾಗದ ಮುಖ್ಯಸ್ಥರಾದಾಗ ಮೊದಲು ಬಾಟಲಿ ಎಲ್ಲಿದೆ ಎಂದು ನೋಡಿ, ಆಮೇಲೆ ಕೈಗಳನ್ನು ನೋಡಿ. ಅಲ್ಲಿಯವರೆಗೆ ನಿಮ್ಮಿಂದ ಆಗುವ ಒಂದು ಕೆಲಸವಿದೆ. ರೌಂಡ್ಸಿನಲ್ಲಿ ಮುಂದೆ ನಡೆಯುವವರು ಕೈ ಉಜ್ಜಿಕೊಂಡರೆ ಹಿಂದಿನವರೂ ಉಜ್ಜಿಕೊಳ್ಳುತ್ತಾರೆ. ನಿಮ್ಮ ಹಿಂದೆಯೂ ವಿದ್ಯಾರ್ಥಿಗಳು ನಡೆಯುತ್ತಿರುತ್ತಾರೆ.

ಪ್ರಶ್ನೆ: ಬಳೆ, ಉಂಗುರ, ಕೈಗೆ ಕಟ್ಟಿದ ದೇವರ ದಾರ ತೆಗೆಯಲೇಬೇಕೇ? — ನರ್ಸಿಂಗ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕರ್ತವ್ಯದ ಹೊತ್ತಿನಲ್ಲಿ ತೆಗೆಯಬೇಕು. ಉಂಗುರದ ಅಡಿಯ ಚರ್ಮಕ್ಕೆ ದ್ರಾವಣ ತಲುಪುವುದಿಲ್ಲ, ಬಳೆಯಿದ್ದರೆ ಮಣಿಕಟ್ಟು ತೊಳೆಯಲಾಗುವುದಿಲ್ಲ, ಸದಾ ಒದ್ದೆಯಾಗಿರುವ ದಾರವಂತೂ ಸೂಕ್ಷ್ಮಾಣುಗಳಿಗೆ ಗೂಡು. ದಾರವನ್ನು ತೋಳಿಗೆ ಕಟ್ಟಿಕೊಳ್ಳಬಹುದು, ಬಳೆಗಳನ್ನು ಲಾಕರಿನಲ್ಲಿಟ್ಟು ಮನೆಗೆ ಹೋಗುವಾಗ ತೊಡಬಹುದು. ಮುತ್ತೈದೆಯರಿಗೆ ಬರಿಗೈ ಎಂಬುದು ಮನಸ್ಸಿಗೆ ಕಸಿವಿಸಿಯ ವಿಷಯವೆಂದು ನನಗೆ ಗೊತ್ತಿದೆ. ಅದನ್ನು ಗದರಿಸಿ ಮಾಡಿಸಬಾರದು, ಕಾರಣ ಹೇಳಿ ಒಪ್ಪಿಸಬೇಕು. ಉಗುರು ಚಿಕ್ಕದಾಗಿರಲಿ, ಅಂಟಿಸಿದ ಉಗುರು ಬೇಡ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ಡಿ ಗ್ರೂಪ್ ನೌಕರಳು. ಕೊರೋನಾ ಕಾಲದಿಂದ ಕೈ ಬಿರುಕು ಬಿಟ್ಟು ಉರಿಯುತ್ತಿದೆ. ಸ್ಯಾನಿಟೈಸರ್ ಹಚ್ಚಿದರೆ ಬೆಂಕಿ ಇಟ್ಟಂತಾಗುತ್ತದೆ. — ಕಲಬುರಗಿ

ಉತ್ತರ: ತಂಗಿ, ಉರಿಯುವುದು ಬಿರುಕಿನಿಂದ, ಬಿರುಕು ಬಹುಮಟ್ಟಿಗೆ ಬಂದಿರುವುದು ಸೋಪು, ಬಿಸಿನೀರು ಮತ್ತು ನೆಲ ಒರೆಸುವ ಬ್ಲೀಚಿನಿಂದ. ಬ್ಲೀಚಿನ ಕೆಲಸಕ್ಕೆ ದಪ್ಪ ರಬ್ಬರ್ ಗ್ಲೌಸ್ ಕೇಳಿ ಪಡೆಯಿರಿ, ಅದನ್ನು ಒದಗಿಸುವುದು ಆಸ್ಪತ್ರೆಯ ಕರ್ತವ್ಯ. ಕೈ ಕೊಳೆಯಾಗಿ ಕಾಣದಿದ್ದಾಗ ಸೋಪಿಗಿಂತ ಗ್ಲಿಸರಿನ್ ಇರುವ ಹ್ಯಾಂಡ್‌ರಬ್ (ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣ) ಚರ್ಮಕ್ಕೆ ಹಿತ. ಸೋಪಿನಿಂದ ತೊಳೆದ ಕೂಡಲೇ ಮತ್ತೆ ಸ್ಯಾನಿಟೈಸರ್ ಹಚ್ಚುವ ಅಗತ್ಯವಿಲ್ಲ. ಎರಡನ್ನೂ ಒಂದರ ಮೇಲೊಂದು ಮಾಡಿದರೆ ಚರ್ಮ ಬೇಗ ಹಾಳಾಗುತ್ತದೆ. ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಗ್ಲೌಸ್ ತೊಡಿ. ಕೆಲಸ ಮುಗಿಸಿದ ಮೇಲೆ ಮತ್ತು ಮಲಗುವ ಮುನ್ನ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿಕೊಳ್ಳಿ. ಬಿರುಕಿನಿಂದ ನೀರು ಅಥವಾ ಕೀವು ಒಸರುತ್ತಿದ್ದರೆ ಚರ್ಮರೋಗ ವಿಭಾಗಕ್ಕೆ ಇಂದೇ ತೋರಿಸಿ, ಏಕೆಂದರೆ ಒಡೆದ ಚರ್ಮದಲ್ಲಿ ಸೂಕ್ಷ್ಮಾಣುಗಳು ಹೆಚ್ಚು ಕಾಲ ನೆಲೆಸುತ್ತವೆ. ಕೋವಿಡ್ ಕಾಲದಲ್ಲಿ ವಾರ್ಡಿನ ಮಂಚ, ಬೆಡ್‌ಪ್ಯಾನ್, ಶೌಚಾಲಯಗಳನ್ನೆಲ್ಲ ಶುಚಿಗೊಳಿಸಿದವರು ನೀವು. ತರಬೇತಿಗೆ ವೈದ್ಯರನ್ನೂ ದಾದಿಯರನ್ನೂ ಕರೆದು ನಿಮ್ಮನ್ನು ಹೊರಗೆ ಬಿಡುವ ಆಸ್ಪತ್ರೆಗಳು ದೊಡ್ಡ ತಪ್ಪು ಮಾಡುತ್ತಿವೆ.

ಪ್ರಶ್ನೆ: 2020ರಲ್ಲಿ ಅಂಗಡಿಯಲ್ಲಿ ಸ್ಯಾನಿಟೈಸರ್ ಸಿಗದಾಗ ನಮ್ಮ ಔಷಧ ವಿಭಾಗದಲ್ಲೇ ತಯಾರಿಸಿದ್ದೆವು. ಈಗಲೂ ಮಾಡಬಹುದೇ? — ಫಾರ್ಮಸಿ ಅಧಿಕಾರಿ, ಬಾಗಲಕೋಟೆ ಜಿಲ್ಲೆ

ಉತ್ತರ: ಬೇಕಾದ ಅನುಮತಿಯೊಂದಿಗೆ, ತರಬೇತಿ ಪಡೆದ ಫಾರ್ಮಸಿ ಸಿಬ್ಬಂದಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಬಹುದು. ಹತ್ತು ಲೀಟರಿಗೆ 96 ಪ್ರತಿಶತದ ಎಥನಾಲ್ 8,333 ಮಿಲಿ ಲೀಟರ್, 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145, ಉಳಿದದ್ದು ಕುದಿಸಿ ಆರಿಸಿದ ನೀರು. ಬಾಟಲಿಗೆ ತುಂಬಿದ ಮೇಲೆ 72 ಗಂಟೆ ಹಾಗೆಯೇ ಇಡಬೇಕು. ದ್ರಾವಣದಲ್ಲೋ ಬಾಟಲಿಯಲ್ಲೋ ಇರಬಹುದಾದ ಬ್ಯಾಕ್ಟೀರಿಯಾ ಬೀಜಕಗಳನ್ನು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪಗಳನ್ನು) ಪೆರಾಕ್ಸೈಡ್ ಅಷ್ಟರಲ್ಲಿ ನಾಶಮಾಡುತ್ತದೆ. ಆ ವರ್ಷ ಡಿಸ್ಟಿಲರಿಗಳು ಮದ್ಯಸಾರವನ್ನು ಸ್ಯಾನಿಟೈಸರಿಗೆ ತಿರುಗಿಸಿದವು, ಸರ್ಕಾರ 200 ಮಿಲಿ ಲೀಟರಿಗೆ 100 ರೂಪಾಯಿಯ ಮಿತಿ ಹಾಕಿತು. ಆ ಕೊರತೆ ಈಗಿಲ್ಲ. ತಯಾರಿಸುವುದಾದರೆ ಎಥನಾಲಿನ ಜಾಗದಲ್ಲಿ ವಿಷಕಾರಿಯಾದ ಮೆಥನಾಲ್ ನುಸುಳದಂತೆ ಪರೀಕ್ಷಿಸಿ, ಬೆಂಕಿಯಿಂದ ದೂರವಿಡಿ. ಆಲ್ಕೋಹಾಲ್ ಹೆಚ್ಚಿದಷ್ಟೂ ಒಳ್ಳೆಯದೆಂದು ನೀರು ಕಡಿಮೆ ಮಾಡುವವರಿದ್ದಾರೆ. ಸೂಕ್ಷ್ಮಾಣುವಿನ ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲಿಗೆ ನೀರಿನ ನೆರವು ಬೇಕೇ ಬೇಕು. ಹಾಗೆಯೇ, ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನ ಬೀಜಕಗಳಿಗೆ ಮತ್ತು ಕಣ್ಣಿಗೆ ಕಾಣುವ ಕೊಳೆಗೆ ಹ್ಯಾಂಡ್‌ರಬ್ ಸಾಲದು, ಸೋಪು ನೀರೇ ಆಗಬೇಕು.

ಪ್ರಶ್ನೆ: ನಮ್ಮೂರಿನ ಕ್ಲಿನಿಕ್ಕಿನಲ್ಲಿ ಬೇಸಿನ್ನಿನ ಪಕ್ಕ ಒಂದು ಟವೆಲ್ ತೂಗುಹಾಕಿರುತ್ತದೆ. ಡಾಕ್ಟರು ಪ್ರತಿ ರೋಗಿಯ ನಂತರ ಕೈ ತೊಳೆದು ಅದಕ್ಕೇ ಒರೆಸುತ್ತಾರೆ. — ತುಮಕೂರು ಜಿಲ್ಲೆ

ಉತ್ತರ: ತೊಳೆದದ್ದನ್ನು ಆ ಟವೆಲ್ ಕಳೆದುಬಿಡುತ್ತದೆ. ಕ್ರಿಮಿನಾಶಕ ಬೆರೆಸಿದ ನೀರಿನ ಬೋಗುಣಿಯಲ್ಲಿ ಎಲ್ಲರೂ ಕೈ ಅದ್ದುವ ಹಳೆಯ ಪದ್ಧತಿಯೂ, ನೀರು ನಿಂತ ಡಬ್ಬಿಯಲ್ಲಿ ಕರಗುತ್ತಾ ಬಿದ್ದಿರುವ ಸೋಪೂ ಹೀಗೆಯೇ. ಹರಿಯುವ ನೀರು, ಒಮ್ಮೆ ಬಳಸುವ ಕಾಗದ ಅಥವಾ ಪ್ರತಿ ಸಲ ಬೇರೆ ಬೇರೆ ತುಂಡು ಬಟ್ಟೆ ಇರಬೇಕು. ಖರ್ಚು ಹೆಚ್ಚೆನಿಸಿದರೆ ಮೇಜಿನ ಮೇಲೆ ಹ್ಯಾಂಡ್‌ರಬ್ ಇಟ್ಟುಕೊಂಡರೆ ಸಾಕು, ಅದು ತಾನೇ ಒಣಗುತ್ತದೆ.

ಪ್ರಶ್ನೆ: ಎರಡನೇ ಅಲೆಯಲ್ಲಿ ನನ್ನ ತಾಯಿ ಆಸ್ಪತ್ರೆಯಲ್ಲಿದ್ದರು. ಪಕ್ಕದ ಮಂಚದವರನ್ನು ನೋಡಿದ ಕೈಯಲ್ಲೇ ತಾಯಿಯ ಡ್ರಿಪ್ ಸರಿಪಡಿಸಿದ್ದನ್ನು ಕಂಡೂ ಸುಮ್ಮನಿದ್ದೆ. ಕೇಳಿದ್ದರೆ ಅವರು ಸಿಟ್ಟಾಗಿ ತಾಯಿಯನ್ನು ಸರಿಯಾಗಿ ನೋಡದೆ ಹೋದಾರು ಎಂದು ಹೆದರಿದ್ದೆ. ಹೇಳುವ ಹಕ್ಕು ನಮಗಿದೆಯೇ? — ಶಿವಮೊಗ್ಗ

ಉತ್ತರ: ಇದೆ. ಆ ದಿನಗಳಲ್ಲಿ ಹಾಸಿಗೆ ಸಿಕ್ಕಿದ್ದೇ ದೊಡ್ಡದಾಗಿದ್ದಾಗ ನೀವು ಬಾಯಿ ಬಿಡಲಾಗಲಿಲ್ಲ ಎಂಬುದು ಯಾರಿಗೂ ಅರ್ಥವಾಗುತ್ತದೆ; ಅದನ್ನು ನಿಮ್ಮ ತಪ್ಪೆಂದು ಹೊತ್ತುಕೊಂಡು ತಿರುಗಬೇಡಿ. ಕೇಳುವ ಧೈರ್ಯವನ್ನು ರೋಗಿಯ ಮನೆಯವರಿಂದ ನಿರೀಕ್ಷಿಸುವುದಕ್ಕಿಂತ, ಕೇಳಲು ದಾರಿ ಮಾಡಿಕೊಡುವುದು ಆಸ್ಪತ್ರೆಯ ಕೆಲಸ. ನಮ್ಮ ವಾರ್ಡಿನಲ್ಲಿ ಎರಡನೇ ಅಲೆಯ ನಂತರ ಪ್ರತಿ ಮಂಚದ ತಲೆಯ ಕಡೆ ‘ನನ್ನನ್ನು ಮುಟ್ಟುವ ಮುನ್ನ ಕೈ ಶುಚಿಯಾಯಿತೇ ಎಂದು ಕೇಳಬಹುದು’ ಎಂಬ ಚೀಟಿ ಅಂಟಿಸಿದೆವು. ಮೊದಮೊದಲು ಕೆಲವರಿಗೆ ಅದು ಅವಮಾನವೆನಿಸಿತು. ಆದರೆ ನಮ್ಮ ಹಿರಿಯ ಸಿಸ್ಟರೊಬ್ಬರು ಹೊಸ ರೋಗಿ ಬಂದ ಕೂಡಲೇ ತಾವೇ ಮನೆಯವರಿಗೆ ಹೇಳಿಬಿಡುತ್ತಿದ್ದರು: “ನಾನು ಕೆಲಸದ ಗಡಿಬಿಡಿಯಲ್ಲಿ ಮರೆತರೆ ನೆನಪು ಮಾಡಿ ಅಮ್ಮಾ.” ಆ ಮಾತು ಚೀಟಿಗಿಂತ ಹೆಚ್ಚು ಕೆಲಸ ಮಾಡಿತು.

ಹಾಗೆ ಹೇಳುವವರು ಸಿಗದ ಕಡೆ, ಆರೋಪದ ದನಿ ಇಲ್ಲದೆ ಕೇಳುವ ದಾರಿಯೊಂದಿದೆ. ಸ್ಯಾನಿಟೈಸರ್ ಬಾಟಲಿಯನ್ನು ತಾಯಿಯ ಮಂಚದ ಪಕ್ಕದಲ್ಲೇ ಇಟ್ಟುಕೊಳ್ಳಿ. ಯಾರಾದರೂ ಹತ್ತಿರ ಬಂದಾಗ ಮೊದಲು ನೀವು ಸ್ವಲ್ಪ ಹಾಕಿಕೊಂಡು, ಬಾಟಲಿಯನ್ನು ಅವರತ್ತ ನೀಡಿ, “ಡಾಕ್ಟ್ರೇ, ಇಲ್ಲೇ ಇದೆ, ತಗೊಳ್ಳಿ” ಎನ್ನಿ. ನನಗೆ ಹೀಗೆ ಹಲವರು ಕೊಟ್ಟಿದ್ದಾರೆ. ಎರಡು ಸಲವಾದರೂ, ಅವರು ಕೊಡದಿದ್ದರೆ ನಾನು ಮರೆತೇಬಿಟ್ಟಿರುತ್ತಿದ್ದೆ.